ಎಲ್ಲ ದೇವರಿಗೂ ಜಾಗವಿದ್ದ ಊರು

ನ್ಯೂಪೋರ್ಟಿನಲ್ಲಿ ದೊಡ್ಡ ಕ್ರೂಸ್ ಹಡಗು ದಡ ಮುಟ್ಟುವುದಿಲ್ಲ. ದೂರದಲ್ಲೇ ಲಂಗರು ಹಾಕಿ ನಿಂತುಬಿಡುತ್ತದೆ. ಜನರನ್ನು ಟೆಂಡರ್ ದೋಣಿಗಳು ಕಂತುಕಂತಾಗಿ ತಂದು ಪೆರೊಟ್ಟಿ ಪಾರ್ಕಿನ ಕಟ್ಟೆಗೆ ಇಳಿಸುತ್ತವೆ. ಅಮೆರಿಕದ ಈಶಾನ್ಯ ಕರಾವಳಿಯಲ್ಲಿ, ರೋಡ್ ಐಲೆಂಡ್ ರಾಜ್ಯದಲ್ಲಿರುವ ಈ ಪುಟ್ಟ ಊರಿಗೆ ಸೆಪ್ಟೆಂಬರ್, ಅಕ್ಟೋಬರ್ ಎಂದರೆ ಸುಗ್ಗಿ. ಮೇಪಲ್ ಎಲೆ ಕೆಂಪಗಾಗುವುದನ್ನು ನೋಡಲು ಕೆನಡಾ ಕಡೆ ಹೊರಟ ಹಡಗುಗಳು ದಾರಿಯಲ್ಲಿ ಇಲ್ಲೊಂದು ಹಗಲು ತಂಗುತ್ತವೆ. ನ್ಯೂಜೆರ್ಸಿಯ ಮಗಳ ಮನೆಗೆಂದು ಮೈಸೂರಿನಿಂದ ಬಂದ ಅಪ್ಪ-ಅಮ್ಮಂದಿರೂ ಆ ದೋಣಿಗಳಲ್ಲಿ ಇರುತ್ತಾರೆ: ಸೀರೆಯ ಮೇಲೆ ಜಾಕೆಟ್ಟು, ಕಾಲಿಗೆ ಬಿಳಿ ಸ್ನೀಕರ್ಸು, ಕೈಚೀಲದಲ್ಲಿ ಚಕ್ಕುಲಿ.

ದಡದಲ್ಲಿ ಸಿಗುವುದು ಏಳೆಂಟು ಗಂಟೆ. ಹೆಚ್ಚಿನವರ ಹೊತ್ತೆಲ್ಲ ಬೆಲ್‌ವ್ಯೂ ಅವೆನ್ಯೂ ಸುತ್ತಮುತ್ತಲ ಬಂಗಲೆಗಳಿಗೇ ಸರಿ. ರೈಲ್ವೆ ದುಡ್ಡಿನ ವ್ಯಾಂಡರ್‌ಬಿಲ್ಟ್ ಮನೆತನ 1895ರಲ್ಲಿ ‘ಬೇಸಿಗೆಯ ಕಾಟೇಜು’ ಎಂದು ಕಟ್ಟಿಸಿದ ಎಪ್ಪತ್ತು ಕೋಣೆಗಳ ದಿ ಬ್ರೇಕರ್ಸ್ ನೋಡಿ, ಬಂಡೆಯಂಚಿನ ಕ್ಲಿಫ್ ವಾಕ್‌ನಲ್ಲಿ ನಾಲ್ಕು ಹೆಜ್ಜೆ ಹಾಕಿ, ಬೋವೆನ್ಸ್ ವಾರ್ಫ್‌ನಲ್ಲಿ ಐಸ್‌ಕ್ರೀಮ್ ತಿಂದು, ಫ್ರಿಜ್ಜಿಗೆ ಅಂಟಿಸುವ ಮ್ಯಾಗ್ನೆಟ್ ಕೊಂಡು ದೋಣಿ ಹತ್ತಿದರೆ ದಿನ ಸಾರ್ಥಕ. ತಪ್ಪೇನಿಲ್ಲ, ಬಂಗಲೆಗಳು ನೋಡುವಂತೆಯೇ ಇವೆ. ಆದರೆ ದುಡ್ಡು ಹೆಚ್ಚಾದವರು ಏನು ಮಾಡುತ್ತಾರೆಂದು ತಿಳಿಯಲು ಅಷ್ಟು ದೂರ ಹೋಗಬೇಕಿಲ್ಲ. ನ್ಯೂಪೋರ್ಟಿನಲ್ಲಿ ಮಾತ್ರ ಸಿಗುವಂಥದ್ದು ಇರುವುದು ದೋಣಿಕಟ್ಟೆಯಿಂದ ಕಾಲ್ನಡಿಗೆಯಲ್ಲಿ ಹದಿನೈದು-ಇಪ್ಪತ್ತು ನಿಮಿಷದ ಸುತ್ತಳತೆಯೊಳಗೆ. 1699ರ ಕ್ವೇಕರ್ ಸಭಾಭವನ, 1726ರ ಆಂಗ್ಲಿಕನ್ ಟ್ರಿನಿಟಿ ಚರ್ಚು, 1763ರ ಯಹೂದಿ ಸಿನಗಾಗು, ಜಾನ್ ಕೆನೆಡಿ 1953ರಲ್ಲಿ ಮದುವೆಯಾದ ಕ್ಯಾಥೊಲಿಕ್ ಸೇಂಟ್ ಮೇರಿ ಚರ್ಚು. ಇನ್ನೊಂದು ಜಾಗವಿದೆ, ಟ್ರಾಲಿ ಬಸ್ಸಿನವರು ಅಷ್ಟಾಗಿ ತೋರಿಸದ್ದು: ಫೇರ್‌ವೆಲ್ ಸ್ಟ್ರೀಟಿನ ಸ್ಮಶಾನದ ಒಂದು ಮೂಲೆ. ಈ ಐದನ್ನು ಒಂದೇ ಮಧ್ಯಾಹ್ನ ನೋಡಿದವರಿಗೆ ಒಂದು ಪ್ರಶ್ನೆ ಗಂಟುಬೀಳುತ್ತದೆ. ಯಾರ ನಂಬಿಕೆಗೂ ಅಡ್ಡಿಯಿಲ್ಲ ಎಂದು ಬಾಗಿಲು ತೆರೆದಿಟ್ಟ ಊರು, ಅದೇ ಬಾಗಿಲಿನಿಂದ ಮನುಷ್ಯರನ್ನು ಸರಕಿನಂತೆ ಹೇಗೆ ಒಳಗೆ ತಂದಿತು?

ಊರು ಹುಟ್ಟಿದ್ದೇ ಜಗಳದಿಂದ. ಮ್ಯಾಸಚೂಸೆಟ್ಸ್‌ನ ಪ್ಯೂರಿಟನ್ನರು ತಮ್ಮ ಧರ್ಮಕ್ಕಾಗಿ ಇಂಗ್ಲೆಂಡ್ ಬಿಟ್ಟು ಬಂದವರು, ಬೇರೆಯವರ ಧರ್ಮಕ್ಕೆ ಮಾತ್ರ ಒಂದಿಂಚೂ ಜಾಗ ಕೊಡದವರು. ರೋಜರ್ ವಿಲಿಯಮ್ಸ್ ಎಂಬ ಬೋಧಕನನ್ನು 1635ರಲ್ಲಿ ಗಡೀಪಾರು ಮಾಡಿದರು. ಅವನು ಹೋಗಿ ಪ್ರಾವಿಡೆನ್ಸ್ ಕಟ್ಟಿದ. ಮನೆಯಲ್ಲಿ ಹೆಂಗಸರನ್ನು ಕೂರಿಸಿಕೊಂಡು ಪಾದ್ರಿಗಳ ಪ್ರವಚನವನ್ನು ಒರೆಗೆ ಹಚ್ಚುತ್ತಿದ್ದ ಆ್ಯನ್ ಹಚಿನ್ಸನ್‌ಳನ್ನು ಮೂರು ವರ್ಷದೊಳಗೆ ಹೊರಹಾಕಿದರು. ಅವಳೊಂದಿಗೆ ಕೊಲ್ಲಿಯ ದ್ವೀಪವೊಂದಕ್ಕೆ ಬಂದವರಲ್ಲೇ ಮತ್ತೆ ಮನಸ್ತಾಪವಾಗಿ, ಒಡೆದುಹೋದ ಒಂದು ಗುಂಪು 1639ರಲ್ಲಿ ಅದೇ ದ್ವೀಪದ ತೆಂಕಣ ತುದಿಯಲ್ಲಿ ನ್ಯೂಪೋರ್ಟ್ ಊರು ಹೂಡಿತು. ಹಾಗೆ ಬಂದವರಲ್ಲಿ ವಿಲಿಯಂ ಡೈಯರ್, ಮೇರಿ ಡೈಯರ್ ದಂಪತಿ ಇದ್ದರು. ಮೇರಿ ಮುಂದೆ ಕ್ವೇಕರ್ ಪಂಥಕ್ಕೆ ಸೇರಿದಳು. ಬರಬೇಡವೆಂದರೂ ಮತ್ತೆಮತ್ತೆ ಬಾಸ್ಟನ್ನಿಗೆ ಹೋಗಿ ತನ್ನವರ ಪರ ಮಾತಾಡಿದಳು. 1660ರ ಜೂನ್ 1ರಂದು ಅಲ್ಲಿ ಅವಳನ್ನು ಗಲ್ಲಿಗೇರಿಸಿದರು.

ಹೀಗಾಗಿ ಇಲ್ಲಿಯವರಿಗೆ ಧರ್ಮಸ್ವಾತಂತ್ರ್ಯ ಎಂದರೆ ಪುಸ್ತಕದ ಮಾತಾಗಿರಲಿಲ್ಲ. ಕ್ವೇಕರರನ್ನು ಓಡಿಸಿ ಎಂದು ಅಕ್ಕಪಕ್ಕದ ವಸಾಹತುಗಳು 1657ರಲ್ಲಿ ಒತ್ತಾಯಿಸಿದಾಗ ರೋಡ್ ಐಲೆಂಡ್ ಒಪ್ಪಲಿಲ್ಲ. ನ್ಯೂಪೋರ್ಟಿನ ಬ್ಯಾಪ್ಟಿಸ್ಟ್ ಬೋಧಕ, ವೃತ್ತಿಯಿಂದ ವೈದ್ಯ, ಜಾನ್ ಕ್ಲಾರ್ಕ್ ಹತ್ತು ವರ್ಷಕ್ಕೂ ಮೀರಿ ಲಂಡನ್ನಿನಲ್ಲಿ ಬೀಡುಬಿಟ್ಟು 1663ರಲ್ಲಿ ಎರಡನೇ ಚಾರ್ಲ್ಸ್ ದೊರೆಯಿಂದ ಒಂದು ಸನ್ನದು ಬರೆಸಿ ತಂದ. ಶಾಂತಿಗೆ ಭಂಗ ತರದಿದ್ದರೆ ಧರ್ಮದ ವಿಷಯದಲ್ಲಿ ಯಾರ ಅಭಿಪ್ರಾಯಕ್ಕೂ ಶಿಕ್ಷೆಯಿಲ್ಲ, ಕಿರುಕುಳವಿಲ್ಲ ಎಂದು ರಾಜಮುದ್ರೆಯೊಂದಿಗೆ ಬರೆದುಕೊಟ್ಟ ಕಾಗದ ಅದು. ಆ ಕಾಲದ ಯುರೋಪಿನಲ್ಲಿ ಇಂಥದ್ದು ಅಪರೂಪ.

ಈ ಸ್ವಾತಂತ್ರ್ಯದ ನಿಜವಾದ ರುಚಿ ಗೊತ್ತಾಗುವುದು ಮಾತ್ರ 1672ರ ಆಗಸ್ಟಿನಲ್ಲಿ. ಕ್ವೇಕರರ ಗುರು ಜಾರ್ಜ್ ಫಾಕ್ಸ್ ಆ ವರ್ಷ ರೋಡ್ ಐಲೆಂಡಿಗೆ ಬಂದಿದ್ದ. ಸುದ್ದಿ ಕೇಳಿ ವಿಲಿಯಮ್ಸ್ ಕೆರಳಿದ. ಕ್ವೇಕರರ ‘ಒಳಬೆಳಕು’ ಎಂಬ ಸಿದ್ಧಾಂತ ಅವನ ಪಾಲಿಗೆ ಶುದ್ಧ ಪಾಷಂಡ. ಬೈಬಲನ್ನು ಬದಿಗಿಟ್ಟು ಸ್ವಂತ ಮನಸ್ಸಿನ ತರಂಗವನ್ನು ದೇವರ ದನಿ ಎನ್ನುತ್ತಾರೆ ಎಂಬ ಸಿಟ್ಟು. ಹದಿನಾಲ್ಕು ವಾದಾಂಶ ಬರೆದು ಫಾಕ್ಸನನ್ನು ವಾದಕ್ಕೆ ಕರೆದ. ಎಪ್ಪತ್ತರ ಹತ್ತಿರದ ಮುದುಕ, ಪ್ರಾವಿಡೆನ್ಸಿನಿಂದ ಕೊಲ್ಲಿಯುದ್ದಕ್ಕೂ ಮೂವತ್ತು ಮೈಲಿಯಷ್ಟು ತಾನೇ ಹುಟ್ಟುಹಾಕಿಕೊಂಡು ಬಂದು ರಾತ್ರಿ ಹೊತ್ತುಮೀರಿ ನ್ಯೂಪೋರ್ಟ್ ಮುಟ್ಟಿದ. ಅಷ್ಟರಲ್ಲಿ ಫಾಕ್ಸ್ ಹೊರಟುಹೋಗಿದ್ದ. ಅವನ ಮೂವರು ಸಂಗಡಿಗರೊಂದಿಗೆ ಇಲ್ಲಿ ಮೂರು ದಿನ, ಪ್ರಾವಿಡೆನ್ಸಿನಲ್ಲಿ ಇನ್ನೊಂದು ದಿನ ವಾದ ನಡೆಯಿತು. ಯಾರೂ ಯಾರನ್ನೂ ಒಪ್ಪಿಸಲಿಲ್ಲ. ವಿಲಿಯಮ್ಸ್ ಮನೆಗೆ ಹೋಗಿ ಕ್ವೇಕರರನ್ನು ಹಿಗ್ಗಾಮುಗ್ಗಾ ಬೈದು ದಪ್ಪದೊಂದು ಪುಸ್ತಕ ಬರೆದ. ಆದರೆ ಅವರ ಬಾಯಿ ಮುಚ್ಚಿಸಿ, ಸಭಾಭವನಕ್ಕೆ ಬೀಗ ಜಡಿಯಿರಿ ಎಂದು ಸರ್ಕಾರವನ್ನು ಕೇಳಲಿಲ್ಲ.

ನಮ್ಮ ಕಡೆಯ ಓದುಗರು ಇಲ್ಲಿ ಸ್ವಲ್ಪ ನಿಲ್ಲಬೇಕು. ಧರ್ಮಸಹಿಷ್ಣುತೆ ಎಂದೊಡನೆ ‘ದೇವನೊಬ್ಬ ನಾಮ ಹಲವು’ ಎನ್ನುವುದು ನಮಗೆ ರೂಢಿ. ವಿಲಿಯಮ್ಸ್‌ಗೆ ಆ ಮಾತು ಹೇಳಿದ್ದರೆ ಅವನೊಡನೆ ಇನ್ನೂ ಮೂರು ದಿನ ವಾದ ಮಾಡಬೇಕಾಗುತ್ತಿತ್ತು. ಅವನ ಪ್ರಕಾರ ದಾರಿ ಒಂದೇ, ಉಳಿದವರೆಲ್ಲ ದಾರಿ ತಪ್ಪಿದವರೇ. ಆದರೂ ತಪ್ಪುವ ಹಕ್ಕು ಅವರದು. ಬಲವಂತದಿಂದ ಮಂಡಿಯೂರಿದವನ ಪ್ರಾರ್ಥನೆ ದೇವರಿಗೂ ಹೊಲಸು ಎಂಬುದು ಅವನ ಪಟ್ಟು. ಎಲ್ಲವೂ ಒಂದೇ ಎಂದವನಿಗೆ ಸಹಿಸುವ ಕಷ್ಟವೇ ಇಲ್ಲ. ನೀನು ಪೂರಾ ತಪ್ಪು ಎಂದುಕೊಂಡೇ ಪಕ್ಕದಲ್ಲಿ ಬದುಕಲು ಬಿಡುವವನದು ನಿಜಕ್ಕೂ ಕಷ್ಟದ ಕೆಲಸ.

ಈ ಏರ್ಪಾಡು ಕೆಲಸ ಮಾಡಿತು. 1729ರ ಜನವರಿಯಲ್ಲಿ ಇಲ್ಲಿಗೆ ಬಂದ ಐರಿಷ್ ತತ್ತ್ವಜ್ಞಾನಿ ಜಾರ್ಜ್ ಬರ್ಕ್ಲಿ ತನ್ನ ಊರಿನ ಗೆಳೆಯನಿಗೆ ಬರೆದ ಕಾಗದದಲ್ಲಿ ನ್ಯೂಪೋರ್ಟಿನ ಪಂಗಡಗಳನ್ನು ಎಣಿಸುತ್ತಾನೆ. ಬ್ಯಾಪ್ಟಿಸ್ಟರಲ್ಲೇ ನಾಲ್ಕು ಬಗೆ, ಮೇಲೆ ಕ್ವೇಕರರು, ಪ್ರೆಸ್ಬಿಟೇರಿಯನ್ನರು, ಯಾವ ಧರ್ಮವೂ ಬೇಡವೆಂದವರು ಬೇರೆ. ಇಷ್ಟಿದ್ದೂ ಬೇರೆ ಕಡೆಗಿಂತ ಇಲ್ಲಿ ಜಗಳ ಕಡಿಮೆ ಎಂದು ಅವನಿಗೆ ಬೆರಗು. ಎಲ್ಲರೂ ಒಂದು ವಿಷಯದಲ್ಲಿ ಒಮ್ಮತದಿಂದಿದ್ದಾರೆ, ಚರ್ಚ್ ಆಫ್ ಇಂಗ್ಲೆಂಡಿಗೆ ಎಲ್ಲರೂ ಎರಡನೇ ಸ್ಥಾನ ಕೊಡುತ್ತಾರೆ ಎಂದು ಸ್ವತಃ ಆಂಗ್ಲಿಕನ್ ಪಾದ್ರಿಯಾದ ಅವನು ತಮಾಷೆ ಮಾಡುತ್ತಾನೆ.

ಮುಂದಿನ ತಲೆಮಾರಿನ ಹೊತ್ತಿಗೆ ಸಿನಗಾಗು ಎದ್ದಿತು. ಇಂದು ಟೂರೋ ಸಿನಗಾಗ್ ಎಂದು ಕರೆಯುವ ಇದು ಅಮೆರಿಕದಲ್ಲಿ ಉಳಿದಿರುವ ಸಿನಗಾಗುಗಳಲ್ಲೆಲ್ಲ ಹಳೆಯದು. ಹೊರಗಿನಿಂದ ನೋಡಿದರೆ ಯಾವುದೋ ಸಾಧಾರಣ ಚೌಕ ಮನೆ. ಆದರೆ ಬೀದಿಯ ಸಾಲಿಗೆ ಹೊಂದದೆ ಓರೆಯಾಗಿ ಕೂತಿದೆ. ಪವಿತ್ರ ಸುರುಳಿಗಳ ಪೆಟ್ಟಿಗೆ ಪೂರ್ವಕ್ಕೆ, ಜೆರುಸಲೇಮಿನ ದಿಕ್ಕಿಗೆ ಇರಬೇಕೆಂದು ಕಟ್ಟಡವನ್ನೇ ತಿರುಗಿಸಿದ್ದಾರೆ. ಒಳಗೆ ಕಾಲಿಟ್ಟರೆ ಬೇರೆಯೇ ಲೋಕ. ಕೆಳಗೆ ಹನ್ನೆರಡು ಕಂಬ, ಅವು ಹೊತ್ತ ಗ್ಯಾಲರಿಯ ಮೇಲೆ ಮತ್ತೆ ಹನ್ನೆರಡು, ಇಸ್ರೇಲಿನ ಹನ್ನೆರಡು ಕುಲಗಳ ಲೆಕ್ಕದಲ್ಲಿ. ಒಂದೊಂದು ಕಂಬವೂ ಒಂದೊಂದು ಇಡೀ ಮರ. ನಡುವೆ ಗ್ರಂಥ ಓದುವ ಕಟ್ಟೆ. ಅದರ ಹಲಗೆಯಲ್ಲಿ ಕೆಳಗಿಳಿಯುವ ಒಂದು ಗುಪ್ತ ಬಾಗಿಲು. ಅದು ಯಾಕಿದೆ ಎಂಬುದಕ್ಕೆ ಕಥೆಗಳು ಹಲವು. ಪೋರ್ಚುಗಲ್‌ನಲ್ಲಿ ಹೊರಗೆ ಕ್ರೈಸ್ತರಾಗಿ, ಒಳಗೆ ಕದ್ದುಮುಚ್ಚಿ ಯಹೂದಿಗಳಾಗಿ ಬದುಕಿದ ಮನೆತನಗಳು ಈ ಸಭೆಯಲ್ಲಿದ್ದವು ಎಂಬುದನ್ನು ನೆನೆದರೆ ಓಡಿಹೋಗಲು ಒಂದು ದಾರಿ ಇಟ್ಟುಕೊಳ್ಳುವ ಮನಸ್ಸು ಅರ್ಥವಾಗುತ್ತದೆ. (ಹಡಗು ಶನಿವಾರ ಬಂದರೆ ಈ ಭೇಟಿ ತಪ್ಪಿತು, ಅಂದು ಸಬ್ಬತ್, ಪ್ರವಾಸಿಗಳಿಗೆ ಪ್ರವೇಶವಿಲ್ಲ.)

1790ರ ಆಗಸ್ಟಿನಲ್ಲಿ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ಊರಿಗೆ ಬಂದಾಗ ಸಭೆಯ ಮುಖ್ಯಸ್ಥ ಮೋಸೆಸ್ ಸೀಶಸ್ ಬಿನ್ನವತ್ತಳೆ ಓದಿದ. ವಾಷಿಂಗ್ಟನ್ ಕೊಟ್ಟ ಉತ್ತರದ ಕಾಗದ ಈಗ ಅಮೆರಿಕದ ಧರ್ಮಸ್ವಾತಂತ್ರ್ಯದ ಮೂಲಪತ್ರಗಳಲ್ಲಿ ಒಂದು. ಒಂದು ವರ್ಗ ದೊಡ್ಡ ಮನಸ್ಸು ಮಾಡಿ ಇನ್ನೊಂದು ವರ್ಗವನ್ನು ಸಹಿಸಿಕೊಳ್ಳುವ ಕಾಲ ಮುಗಿಯಿತು, ಇದು ಎಲ್ಲರಿಗೂ ಹುಟ್ಟಿನಿಂದ ಬಂದ ಹಕ್ಕು ಎಂಬುದು ಅದರ ಸಾರ. ಅದರ ಅತಿ ಪ್ರಸಿದ್ಧ ಸಾಲು ಸೀಶಸ್‌ನ ಬಿನ್ನವತ್ತಳೆಯಿಂದಲೇ ಎತ್ತಿಕೊಂಡದ್ದು. ಪ್ರತಿ ವರ್ಷ ಆಗಸ್ಟಿನಲ್ಲಿ ಸಿನಗಾಗಿನೊಳಗೆ ಆ ಕಾಗದವನ್ನು ಗಟ್ಟಿಯಾಗಿ ಓದುತ್ತಾರೆ.

ಇಷ್ಟೇ ಆಗಿದ್ದರೆ ಇದೊಂದು ಸುಖಾಂತ್ಯದ ಕಥೆ. ಆದರೆ ಆ ಕಾಗದಕ್ಕೆ ಸಹಿ ಹಾಕಿದವನ ಹೊಲಮನೆಗಳಲ್ಲಿ ಆಗ ಗುಲಾಮರು ದುಡಿಯುತ್ತಿದ್ದರು. ಕಾಗದ ಪಡೆದ ಊರಂತೂ ಬೆಳೆದದ್ದೇ ಗುಲಾಮರ ವ್ಯಾಪಾರದಿಂದ.

ವ್ಯಾಪಾರದ ಚಕ್ರ ಸರಳ. ಕೆರಿಬಿಯನ್ ದ್ವೀಪಗಳ ಕಬ್ಬಿನ ತೋಟಗಳಿಂದ ಕಾಕಂಬಿ ಬರುತ್ತಿತ್ತು. ನ್ಯೂಪೋರ್ಟಿನ ಭಟ್ಟಿಗಳು ಅದನ್ನು ರಮ್ ಮಾಡುತ್ತಿದ್ದವು. ರಮ್ಮಿನ ಪೀಪಾಯಿಗಳು ಪಶ್ಚಿಮ ಆಫ್ರಿಕಕ್ಕೆ ಹೋಗಿ, ಅಲ್ಲಿ ಅವಕ್ಕೆ ಬದಲಾಗಿ ಮನುಷ್ಯರು ಹಡಗು ಹತ್ತುತ್ತಿದ್ದರು. ಅವರನ್ನು ಮತ್ತೆ ಕಬ್ಬಿನ ತೋಟಗಳಿಗೆ ಮಾರಿದರೆ ಮುಂದಿನ ಕಾಕಂಬಿಗೆ ದುಡ್ಡು. 1709ರಿಂದ 1807ರವರೆಗೆ ರೋಡ್ ಐಲೆಂಡಿನ ಹಡಗುಗಳು ಹೀಗೆ 900ಕ್ಕೂ ಹೆಚ್ಚು ಯಾನ ಮಾಡಿದವು, ಒಂದು ಲಕ್ಷಕ್ಕೂ ಮಿಕ್ಕಿ ಆಫ್ರಿಕನ್ನರನ್ನು ಸಾಗಿಸಿದವು. 1774ರ ಜನಗಣತಿಯ ಹೊತ್ತಿಗೆ ನ್ಯೂಪೋರ್ಟಿನ ಒಂಬತ್ತು ಸಾವಿರ ಚಿಲ್ಲರೆ ಜನರಲ್ಲಿ 1,200ಕ್ಕೂ ಹೆಚ್ಚು ಮಂದಿ ಕಪ್ಪು ಜನ, ಬಹುಪಾಲು ಗುಲಾಮರು. ವಸಾಹತಿಗೆ ತಂದ ಒಬ್ಬೊಬ್ಬ ಗುಲಾಮನ ತಲೆಗೂ 3 ಪೌಂಡು ಸುಂಕವಿತ್ತು. ಆ ಸುಂಕದ ಒಂದು ಪಾಲನ್ನು ನ್ಯೂಪೋರ್ಟಿನ ಬೀದಿಗಳಿಗೆ ಕಲ್ಲು ಹಾಸಲು ಖರ್ಚು ಮಾಡಿದರು.

ಇದರಲ್ಲಿ ಯಾವ ಪಂಗಡವೂ ಹಿಂದೆ ಬೀಳಲಿಲ್ಲ. ಆಂಗ್ಲಿಕನ್ನರು, ಕಾಂಗ್ರಿಗೇಶನಲ್ ಪಂಥದವರು, ಕ್ವೇಕರರು, ಬ್ಯಾಪ್ಟಿಸ್ಟರು, ಬೆರಳೆಣಿಕೆಯ ಯಹೂದಿ ವರ್ತಕರು, ಎಲ್ಲರ ಹೆಸರೂ ಲೆಕ್ಕದ ಪುಸ್ತಕಗಳಲ್ಲಿವೆ. ಸಿನಗಾಗಿನ ಪ್ರಮುಖ ಆರನ್ ಲೋಪೆಜ್‌ನ ಬದುಕು ಈ ಗೋಜಲನ್ನು ಒಂದೇ ಕಡೆ ತೋರಿಸುತ್ತದೆ. ಪೋರ್ಚುಗಲ್‌ನಲ್ಲಿ ಡುವಾರ್ಟೆ ಎಂಬ ಕ್ರೈಸ್ತ ಹೆಸರು ಹೊತ್ತು ಬದುಕಿದ್ದವನು 1752ರಲ್ಲಿ ಇಲ್ಲಿಗೆ ಬಂದು ಬಹಿರಂಗವಾಗಿ ಯಹೂದಿಯಾದ, ಊರಿನ ದೊಡ್ಡ ವರ್ತಕನಾದ. 1762ರಲ್ಲಿ ಪೌರತ್ವ ಕೇಳಿದರೆ ರೋಡ್ ಐಲೆಂಡಿನ ನ್ಯಾಯಾಲಯ ಆಗುವುದಿಲ್ಲ ಎಂದಿತು, ಕಾರಣ ಅವನು ಕ್ರೈಸ್ತನಲ್ಲ. ಸನ್ನದಿನ ಮಾತು ಅಷ್ಟಕ್ಕೆ ನಿಂತಿತ್ತು. ವಿಚಿತ್ರವೆಂದರೆ ಹಟಮಾರಿ ಮ್ಯಾಸಚೂಸೆಟ್ಸ್ ಅದೇ ವರ್ಷ ಅವನಿಗೆ ಪೌರತ್ವ ಕೊಟ್ಟಿತು. ಹೀಗೆ ಪೋರ್ಚುಗಲ್‌ನಲ್ಲೂ ರೋಡ್ ಐಲೆಂಡಿನಲ್ಲೂ ಅವಮಾನ ಉಂಡ ಲೋಪೆಜ್ ಗುಲಾಮರ ಹಡಗುಗಳಲ್ಲೂ ಬಂಡವಾಳ ಹೂಡಿದ. ತಾನು ಅನುಭವಿಸಿದ್ದು ಇನ್ನೊಬ್ಬನ ನೋವನ್ನು ತಾನಾಗಿಯೇ ಕಾಣಿಸಿಕೊಡುತ್ತದೆ ಎಂದು ನಾವೆಲ್ಲ ನಂಬಿರುತ್ತೇವೆ. ಹಾಗೇನೂ ಆಗುವುದಿಲ್ಲ.

ಎಜ್ರಾ ಸ್ಟೈಲ್ಸ್ ಇನ್ನೊಂದು ಬಗೆ. ಕಾಂಗ್ರಿಗೇಶನಲ್ ಚರ್ಚಿನ ಈ ಬೋಧಕನಷ್ಟು ಬೇರೆ ಧರ್ಮದ ಬಗ್ಗೆ ಕುತೂಹಲವಿದ್ದವನು ಆ ಕಾಲದಲ್ಲಿ ವಿರಳ. ಹೀಬ್ರೂ ಕಲಿತ. ಸಿನಗಾಗಿನ ಪ್ರಾರಂಭೋತ್ಸವಕ್ಕೆ ಹೋಗಿ ಕಂಡದ್ದನ್ನೆಲ್ಲ ಬರೆದಿಟ್ಟ. 1773ರಲ್ಲಿ ಹೆಬ್ರಾನ್‌ನಿಂದ ಬಂದ ರಬ್ಬಿ ಹೈಮ್ ಕಾರಿಗಾಲ್ ಜೊತೆ ತಿಂಗಳುಗಟ್ಟಲೆ ಧರ್ಮಗ್ರಂಥ ಚರ್ಚಿಸಿದ. ಅದೇ ಮನುಷ್ಯ 1756ರಲ್ಲಿ ಆಫ್ರಿಕಕ್ಕೆ ಹೊರಟ ಹಡಗಿನಲ್ಲಿ ಒಂದು ದೊಡ್ಡ ಪೀಪಾಯಿ ರಮ್ ಇಟ್ಟು ಕಳಿಸಿದ್ದ. ಹಡಗು ಮರಳಿದಾಗ ಪೀಪಾಯಿಗೆ ಬದಲಾಗಿ ಹತ್ತು ವರ್ಷದ ಆಸುಪಾಸಿನ ಹುಡುಗನೊಬ್ಬ ಬಂದಿಳಿದ. ಸ್ಟೈಲ್ಸ್ ಆ ಹುಡುಗನಿಗೆ ಊರಿನ ಹೆಸರನ್ನೇ ಇಟ್ಟ: ನ್ಯೂಪೋರ್ಟ್. ಬಿಡುಗಡೆ ಮಾಡಿದ್ದು 1778ರಲ್ಲಿ, ಯೇಲ್ ಕಾಲೇಜಿನ ಅಧ್ಯಕ್ಷಗಿರಿಗೆ ಹೊರಡುವಾಗ.

ಈ ಕುರುಡು ಎಂಥದ್ದು ಎಂದು ವಿಚಾರಿಸಲು ಬರ್ಕ್ಲಿಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ‘ಇರುವುದು’ ಎಂದರೆ ‘ಕಾಣಲ್ಪಡುವುದು’ ಎಂದು ವಾದಿಸಿದವನು ಅವನು. ಯಾರ ಮನಸ್ಸಿಗೂ ಗೋಚರವಾಗದ ಜಡವಸ್ತು ಎಂಬುದಿಲ್ಲ. ಕೋಣೆಯಲ್ಲಿ ಯಾರೂ ಇಲ್ಲದಾಗಲೂ ಮೇಜು ಇರುತ್ತದೆಂದರೆ ದೇವರು ಅದನ್ನು ನೋಡುತ್ತಿದ್ದಾನೆಂದು ಅರ್ಥ. ಅದ್ವೈತದ ದೃಷ್ಟಿಸೃಷ್ಟಿವಾದ ಕೇಳಿದವರಿಗೆ ಇದು ತೀರಾ ಅಪರಿಚಿತವಲ್ಲ. ಜಗತ್ತು ಸತ್ಯ, ಭೇದ ಸತ್ಯ ಎಂದು ಉಡುಪಿಯಲ್ಲಿ ಕೂತು ಸಾಧಿಸಿದವರು ಬರ್ಕ್ಲಿ ಕೈಗೆ ಸಿಕ್ಕಿದ್ದರೆ ಅವನನ್ನೂ ಸುಮ್ಮನೆ ಬಿಡುತ್ತಿರಲಿಲ್ಲ. ಬರ್ಮುಡಾದಲ್ಲಿ ಕಾಲೇಜು ತೆರೆಯುವ ಕನಸು ಹೊತ್ತು ಬಂದ ಅವನು, ಬ್ರಿಟಿಷ್ ಸಂಸತ್ತು ಒಪ್ಪಿದ್ದ 20,000 ಪೌಂಡು ಬರುತ್ತದೆಂದು ನ್ಯೂಪೋರ್ಟಿನ ಪಕ್ಕದಲ್ಲಿ ಜಮೀನು ಕೊಂಡು, ವೈಟ್‌ಹಾಲ್ ಎಂಬ ಮನೆ ಕಟ್ಟಿ ಕಾದ. ದುಡ್ಡು ಬರಲೇ ಇಲ್ಲ. 1731ರಲ್ಲಿ ವಾಪಸು ಹೋದ. ಇಲ್ಲಿ ಹುಟ್ಟಿ ಕೂಸಾಗಿಯೇ ತೀರಿಕೊಂಡ ಮಗಳು ಲೂಸಿಯಾಳ ಸಮಾಧಿ ಟ್ರಿನಿಟಿ ಚರ್ಚಿನ ಅಂಗಳದಲ್ಲಿದೆ.

ಅದೇ ಚರ್ಚಿನ ದಾಖಲೆಯಲ್ಲಿ 1731ರ ಜೂನಿನ ಇನ್ನೊಂದು ನಮೂದು ಇದೆ. ಫಿಲಿಪ್, ಆಂಟನಿ, ಆ್ಯಗ್ನೆಸ್ ಎಂಬ ಮೂವರಿಗೆ ದೀಕ್ಷಾಸ್ನಾನ. ಮೂವರೂ ಬರ್ಕ್ಲಿಯ ಗುಲಾಮರು. ಅವನದೇ ಉಪನಾಮ ಅವರಿಗೂ. ದೀಕ್ಷೆ ಕೊಟ್ಟರೆ ಬಿಡುಗಡೆ ಮಾಡಬೇಕಾದೀತು ಎಂದು ಹೆದರಿ ಯಜಮಾನರು ಗುಲಾಮರನ್ನು ಚರ್ಚಿಗೆ ಬಿಡುತ್ತಿರಲಿಲ್ಲ. ಹಾಗೇನೂ ಇಲ್ಲ, ಕ್ರೈಸ್ತನಾದ ಗುಲಾಮ ಇನ್ನಷ್ಟು ವಿಧೇಯನಾಗುತ್ತಾನೆ ಎಂದು ಬರ್ಕ್ಲಿ ಅವರಿಗೆ ಸಮಾಧಾನ ಹೇಳಿದವನು.

ಅವನ ತತ್ತ್ವದ ಪ್ರಕಾರವೇ ಇದನ್ನು ಅಳೆದು ನೋಡಬಹುದು. ಬರ್ಕ್ಲಿಯ ಜಗತ್ತಿನಲ್ಲಿ ಇರುವುದು ಎರಡೇ ಬಗೆ: ಕಾಣಿಸಿಕೊಳ್ಳುವ ವಸ್ತುಗಳು, ಕಾಣುವ ಚೇತನಗಳು. ಮೇಜು, ಮರ, ಪೀಪಾಯಿ ಮೊದಲನೆಯ ಬಗೆ. ಅವಕ್ಕೆ ಸ್ವಂತ ಇರವಿಲ್ಲ, ಯಾರಾದರೂ ಕಂಡರೆ ಉಂಟು. ಆತ್ಮ ಎರಡನೆಯ ಬಗೆ. ಅದು ಯಾರು ಕಂಡರೂ ಬಿಟ್ಟರೂ ತಾನೇ ಕಾಣುತ್ತಿರುತ್ತದೆ, ಆದ್ದರಿಂದಲೇ ಇರುತ್ತದೆ. ಫಿಲಿಪ್‌ನ ತಲೆಯ ಮೇಲೆ ನೀರು ಬಿದ್ದ ಹೊತ್ತಿಗೆ ಅವನು ಎರಡನೆಯ ಬಗೆಗೆ ಸೇರಿದವನು ಎಂದು ಚರ್ಚಿನ ಪುಸ್ತಕದಲ್ಲೇ ಬರೆದಂತಾಯಿತು. ಕ್ರಯಪತ್ರವನ್ನು ಮಾತ್ರ ಯಾರೂ ಹರಿಯಲಿಲ್ಲ. ಕಾಣುವವನನ್ನು ಕಾಣಿಸಿಕೊಳ್ಳುವ ವಸ್ತುಗಳ ಪಟ್ಟಿಯಲ್ಲಿ ಸೇರಿಸಬಾರದು ಎಂದು ಯುರೋಪಿಗೆ ಅಷ್ಟು ಚೊಕ್ಕವಾಗಿ ಕಲಿಸಿದವನು ತನ್ನ ಮನೆಯಂಗಳದಲ್ಲಿ ಸೇರಿಸಿಬಿಟ್ಟಿದ್ದ. ಡಬ್ಲಿನ್ನಿನ ಟ್ರಿನಿಟಿ ಕಾಲೇಜು 2023ರಲ್ಲಿ ತನ್ನ ಗ್ರಂಥಾಲಯದಿಂದ ಬರ್ಕ್ಲಿಯ ಹೆಸರನ್ನು ತೆಗೆದುಹಾಕಿದ್ದು ಈ ಕಾರಣಕ್ಕೇ. ಅವನ ಪುಸ್ತಕಗಳನ್ನು ಓದುವುದನ್ನು ಯಾರೂ ನಿಲ್ಲಿಸಿಲ್ಲ, ನಿಲ್ಲಿಸಬೇಕಾಗಿಯೂ ಇಲ್ಲ. ಅವನನ್ನು ತಪ್ಪಿತಸ್ಥನೆನ್ನಲು ಬೇಕಾದ ತರ್ಕವೂ ಆ ಪುಸ್ತಕಗಳಲ್ಲೇ ಇದೆ.

‘ಕಾಲವೇ ಹಾಗಿತ್ತು ಬಿಡಿ’ ಎಂಬ ಸಮಜಾಯಿಷಿ ಇಲ್ಲಿ ಬರುತ್ತದೆ. ನ್ಯೂಪೋರ್ಟಿನ ಮಟ್ಟಿಗೆ ಅದು ನಿಲ್ಲುವುದಿಲ್ಲ. 1652ರಷ್ಟು ಹಿಂದೆಯೇ ಪ್ರಾವಿಡೆನ್ಸ್, ವಾರ್ವಿಕ್ ಊರುಗಳು ಯಾರನ್ನೂ ಹತ್ತು ವರ್ಷಕ್ಕಿಂತ ಹೆಚ್ಚು ಊಳಿಗದಲ್ಲಿ ಇಟ್ಟುಕೊಳ್ಳಬಾರದೆಂದು ಕಾನೂನು ಮಾಡಿದ್ದವು, ಜಾರಿಗೆ ಬರಲಿಲ್ಲ ಅನ್ನುವುದು ಬೇರೆ ಮಾತು. ವಿಲಿಯಮ್ಸ್ ಜೊತೆ ಮೂರು ದಿನ ವಾದ ಮಾಡಿದ ಕ್ವೇಕರರಲ್ಲಿ ವಿಲಿಯಂ ಎಡ್ಮಂಡ್ಸನ್ ಒಬ್ಬ. ಅವನು 1676ರಲ್ಲಿ ಇದೇ ನ್ಯೂಪೋರ್ಟಿನಿಂದ ಅಮೆರಿಕದ ಕ್ವೇಕರರಿಗೆ ಕಾಗದ ಬರೆದ: ಇಲ್ಲಿನ ಮೂಲನಿವಾಸಿಗಳನ್ನು ಗುಲಾಮರಾಗಿಸುವುದು ತಪ್ಪೆನ್ನುವವರು ಆಫ್ರಿಕನ್ನರನ್ನು ಹೇಗೆ ಗುಲಾಮರಾಗಿಸುತ್ತೀರಿ ಎಂಬ ಅರ್ಥದಲ್ಲಿ. ಬರ್ಕ್ಲಿ ಬರುವುದಕ್ಕೆ ಅರ್ಧ ಶತಮಾನ ಮೊದಲೇ ಪ್ರಶ್ನೆ ಊರಿನಲ್ಲಿತ್ತು. ಉತ್ತರ ಕೊಡಬೇಕಾದ ತುರ್ತು ಯಾರಿಗೂ ಇರಲಿಲ್ಲ.

ತುರ್ತು ತಂದವನು ಜಾನ್ ವುಲ್ಮನ್, ನ್ಯೂಜೆರ್ಸಿಯ ಕ್ವೇಕರ್ ದರ್ಜಿ. ಗುಲಾಮರಿರುವ ಮನೆಯಲ್ಲಿ ಉಳಿಯಬೇಕಾಗಿ ಬಂದರೆ ಅವರು ಮಾಡಿದ ಸೇವೆಗೆ ದುಡ್ಡು ಕೊಟ್ಟೇ ಹೊರಡುತ್ತಿದ್ದವನು. ಅತಿಥಿಯಿಂದ ದುಡ್ಡು ಎಂದರೆ ಯಜಮಾನನಿಗೆ ಎಷ್ಟು ಮುಜುಗರವಾಗಿರಬೇಕೆಂದು ಊಹಿಸಿ. 1760ರಲ್ಲಿ ಕ್ವೇಕರರ ವಾರ್ಷಿಕ ಸಭೆಗೆ ನ್ಯೂಪೋರ್ಟಿಗೆ ಬಂದಾಗ, ತಮ್ಮವನೇ ಒಬ್ಬ ತರಿಸಿದ ಗುಲಾಮರು ಆಗತಾನೇ ಬಂದಿಳಿದು ಮಾರಾಟಕ್ಕಿದ್ದಾರೆ ಎಂದು ತಿಳಿಯಿತು. ವುಲ್ಮನ್‌ಗೆ ಊಟ ಸೇರಲಿಲ್ಲ, ನಿದ್ದೆ ಹತ್ತಲಿಲ್ಲ. ಶಾಸನಸಭೆಗೆ ಮನವಿಯ ಕರಡು ಬರೆದ. ಅದಕ್ಕಿಂತ ಮುಖ್ಯವಾಗಿ, ಗುಲಾಮರನ್ನಿಟ್ಟುಕೊಂಡ ಕ್ವೇಕರ್ ಹಿರಿಯರನ್ನು ಒಂದು ಮನೆಯಲ್ಲಿ ಸೇರಿಸಿ ಎದುರುಬದುರು ಕೂತು ಮಾತಾಡಿದ. ಕೂಗಾಟವಿಲ್ಲ, ಶಾಪವಿಲ್ಲ. ಹದಿಮೂರು ವರ್ಷದ ಮೇಲೆ, 1773ರಲ್ಲಿ, ನ್ಯೂ ಇಂಗ್ಲೆಂಡಿನ ಕ್ವೇಕರ್ ಸಭೆ ಗುಲಾಮರನ್ನು ಬಿಡುಗಡೆ ಮಾಡಲೇಬೇಕೆಂದು ತನ್ನವರಿಗೆ ಕಟ್ಟುಮಾಡಿತು.

ಇಲ್ಲೊಂದು ಸೂಕ್ಷ್ಮವಿದೆ. ಅಂತಃಸಾಕ್ಷಿಗೆ ಸ್ವಾತಂತ್ರ್ಯವೆಂದರೆ ಸರ್ಕಾರ ನಿನ್ನ ಒಳಗೆ ಕೈಹಾಕುವುದಿಲ್ಲ ಎಂಬ ಭರವಸೆ. ಆ ಭರವಸೆ ಸಿಕ್ಕವನು ಒಳಗೆ ಏನಾದರೂ ನಡೆಸುತ್ತಾನೆ ಎಂಬ ಖಾತರಿ ಅದರಲ್ಲಿ ಇಲ್ಲ. ನ್ಯೂಪೋರ್ಟಿನವರು ಪರಸ್ಪರರ ದೇವರನ್ನು ಕೆಣಕದೆ ಇರುವುದನ್ನು ಎಷ್ಟು ಚೆನ್ನಾಗಿ ಕಲಿತರೆಂದರೆ, ಪರಸ್ಪರರ ವ್ಯಾಪಾರವನ್ನೂ ಕೆಣಕದಾದರು. ವುಲ್ಮನ್ ಆ ಒಪ್ಪಂದ ಮುರಿದ. ಅವನಿಗೆ ಸರ್ಕಾರದ ಕೋಲು ಬೇಕಿರಲಿಲ್ಲ, ಆದರೆ ‘ಅವರವರ ಮನಸ್ಸಿಗೆ ಬಿಟ್ಟದ್ದು’ ಎಂದು ಸುಮ್ಮನಾಗಲೂ ಅವನು ತಯಾರಿರಲಿಲ್ಲ. ಸುಮಾರು ತೊಂಬತ್ತು ವರ್ಷ ಹಿಂದೆ ದೋಣಿ ಹುಟ್ಟು ಹಾಕಿಕೊಂಡು ಬಂದ ಮುದುಕನ ರೀತಿಯೂ ಅದೇ ಆಗಿತ್ತಲ್ಲ. ವಿಲಿಯಮ್ಸ್‌ನ ಸಹನೆಯಲ್ಲಿ ಜಗಳಕ್ಕೆ ಜಾಗವಿತ್ತು. ಅವನ ನಂತರದವರು ಸಹನೆಯನ್ನು ಇಟ್ಟುಕೊಂಡು ಜಗಳವನ್ನು ಬಿಟ್ಟರು.

ಕಾಂಗ್ರಿಗೇಶನಲ್ ಚರ್ಚಿನಲ್ಲಿ ಈ ಕೆಲಸ ಮಾಡಿದವನು ಸ್ಯಾಮುಯಲ್ ಹಾಪ್ಕಿನ್ಸ್. 1770ರಲ್ಲಿ ಬಂದ ಇವನ ಪ್ರವಚನ ತುಂಬ ಬೋರು ಎಂದು ಹೆಸರಾಗಿತ್ತು. ಸ್ವಾರ್ಥವೇ ಪಾಪದ ಬೇರು, ತನಗೆ ಮೋಕ್ಷ ಸಿಗಲೆಂದು ದೇವರನ್ನು ಪ್ರೀತಿಸುವುದೂ ಸ್ವಾರ್ಥವೇ ಎನ್ನುವವನು. ನಿಷ್ಕಾಮಕರ್ಮದ ಮಾತು ಕೇಳಿ ಬೆಳೆದವರಿಗೆ ಇವನ ದೇವಶಾಸ್ತ್ರ ಬೇಗ ಅರ್ಥವಾಗುತ್ತದೆ. ಹಿಂದೆ ಅವನೂ ಗುಲಾಮನನ್ನು ಇಟ್ಟುಕೊಂಡಿದ್ದವನೇ. ನ್ಯೂಪೋರ್ಟಿನ ಕಟ್ಟೆಯಲ್ಲಿ ಇಳಿಯುವ ಮನುಷ್ಯರನ್ನು ಕಣ್ಣಾರೆ ಕಂಡ ಮೇಲೆ, ಎದುರಿಗೆ ಕೂತ ವರ್ತಕರ ಮುಖಕ್ಕೇ ಇದು ಪಾಪ ಎಂದು ಹೇಳಿದ. 1776ರಲ್ಲಿ ಅದನ್ನೇ ಪುಸ್ತಕ ಮಾಡಿ ಸ್ವಾತಂತ್ರ್ಯ ಘೋಷಿಸಲು ಹೊರಟಿದ್ದ ಕಾಂಗ್ರೆಸ್ಸಿಗೆ ಅರ್ಪಿಸಿದ. 1784ರಲ್ಲಿ ಅವನ ಚರ್ಚು ಗುಲಾಮಗಿರಿಯನ್ನು ತನ್ನೊಳಗೆ ಸಹಿಸುವುದಿಲ್ಲ ಎಂದು ನಿರ್ಣಯ ಮಾಡಿತು.

ಇಷ್ಟು ಹೊತ್ತೂ ಮಾತು ಬಿಳಿಯರ ಅಂತಃಸಾಕ್ಷಿಯದ್ದೇ ಆಯಿತು. ಫೇರ್‌ವೆಲ್ ಸ್ಟ್ರೀಟಿನ ಸ್ಮಶಾನದಲ್ಲಿ ‘ಗಾಡ್ಸ್ ಲಿಟಲ್ ಏಕರ್’ ಎನ್ನುವ ಮೂಲೆಗೆ ಹೋದರೆ ಲೆಕ್ಕ ಬೇರೆಯಾಗುತ್ತದೆ. ವಸಾಹತು ಕಾಲದ ಆಫ್ರಿಕನ್ನರ ಸಮಾಧಿಗಲ್ಲುಗಳು ಅಮೆರಿಕದಲ್ಲಿ ಇಷ್ಟು ದೊಡ್ಡ ಸಂಖ್ಯೆಯಲ್ಲಿ ಬೇರೆಲ್ಲೂ ಉಳಿದಿಲ್ಲ. ಇಲ್ಲಿ ಮುನ್ನೂರರ ಹತ್ತಿರ ಇವೆ. ಬಹಳಷ್ಟು ಕಪ್ಪು ಸ್ಲೇಟು ಕಲ್ಲು, ಮೇಲ್ತುದಿ ಕಮಾನು, ಕಮಾನಿನೊಳಗೆ ರೆಕ್ಕೆ ಬಿಚ್ಚಿದ ಪುಟ್ಟ ಮುಖ. ಹಲವು ಕಲ್ಲುಗಳಲ್ಲಿ ಸತ್ತವನ ಹೆಸರಿನ ಪಕ್ಕದಲ್ಲೇ ಯಜಮಾನನ ಹೆಸರೂ ಇದೆ. 1768ರ ಡಿಸೆಂಬರಿನಲ್ಲಿ ನಲವತ್ತರ ವಯಸ್ಸಿಗೆ ತೀರಿಕೊಂಡ ಕಫ್ ಗಿಬ್ಸ್‌ನ ಕಲ್ಲು ಮಾತ್ರ ಬೇರೆ ಥರ. ಸತ್ತವನ ವಿವರಕ್ಕೆ ಮೊದಲು, ಈ ಕಲ್ಲನ್ನು ಕೆತ್ತಿದವನು ಪಾಂಪೆ ಸ್ಟೀವನ್ಸ್, ತನ್ನ ಅಣ್ಣತಮ್ಮನ ನೆನಪಿಗೆ ಕೆತ್ತಿದ್ದು ಎಂದು ಬರೆದಿದೆ. ಪಾಂಪೆ ಒಬ್ಬ ಗುಲಾಮ, 1705ರಿಂದ ನಡೆದುಬಂದ ಜಾನ್ ಸ್ಟೀವನ್ಸ್ ಕಲ್ಲುಕುಟಿಗರ ಅಂಗಡಿಯಲ್ಲಿ ದುಡಿಯುತ್ತಿದ್ದವನು. ಅಂಗಡಿ ಥೇಮ್ಸ್ ಸ್ಟ್ರೀಟಿನಲ್ಲಿ ಇವತ್ತಿಗೂ ಇದೆ. ಒಡೆಯನ ಹೆಸರು ಹೊತ್ತ ಅಂಗಡಿಯ ಕಲ್ಲಿನ ಮೇಲೆ ಗುಲಾಮ ತನ್ನ ಹೆಸರನ್ನು, ತನ್ನ ಕಸುಬನ್ನು, ತನ್ನ ರಕ್ತಸಂಬಂಧವನ್ನು ಒಂದೇ ವಾಕ್ಯದಲ್ಲಿ ಕೂರಿಸಿದ್ದಾನೆ. ತಾನು ಯಾರೆಂದು ಬರ್ಕ್ಲಿಯಿಂದ ತಿಳಿದುಕೊಳ್ಳಬೇಕಾದ ದರ್ದು ಅವನಿಗಿರಲಿಲ್ಲ.

1780ರಲ್ಲಿ ಇಂಥ ಜನರೇ ಸೇರಿ ಫ್ರೀ ಆಫ್ರಿಕನ್ ಯೂನಿಯನ್ ಸೊಸೈಟಿ ಕಟ್ಟಿದರು. ಅಮೆರಿಕದ ಕಪ್ಪು ಜನರ ಪರಸ್ಪರ ಸಹಾಯ ಸಂಘಗಳಲ್ಲಿ ಇದೇ ಮೊದಲನೆಯದು. ಅದರ ಮುಂದಾಳುಗಳಲ್ಲಿ ಒಬ್ಬ ನ್ಯೂಪೋರ್ಟ್ ಗಾರ್ಡ್ನರ್. ಇವನಿಗೂ ಊರಿನ ಹೆಸರೇ. ಹುಟ್ಟುಹೆಸರು ಒಕ್ರಾಮಾರ್ ಮೆರಿಕೂ. ಹದಿನಾಲ್ಕರ ಆಸುಪಾಸಿನಲ್ಲಿ ಹಡಗಿನಲ್ಲಿ ಬಂದವನು ಸಂಗೀತ ಕಲಿತು ಹಾಡುಗಾರಿಕೆಯ ಶಾಲೆ ನಡೆಸಿದ. 1791ರಲ್ಲಿ ಗೆಳೆಯರೊಂದಿಗೆ ಕೊಂಡ ಲಾಟರಿ ಚೀಟಿಗೆ ಬಹುಮಾನ ಬಂದು ತನ್ನ ಬಿಡುಗಡೆ ಕೊಂಡುಕೊಂಡ. ಹಾಪ್ಕಿನ್ಸ್‌ನ ಚರ್ಚಿನಲ್ಲಿ ಪ್ರಾರ್ಥನೆಗೆ ಕೂತ, ಆಮೇಲೆ ಕಪ್ಪು ಜನರದೇ ಚರ್ಚು ಕಟ್ಟುವುದರಲ್ಲಿ ಮುಂದಾದ. ಅವನು ರಚಿಸಿದ ಕೀರ್ತನೆಯೊಂದಕ್ಕೆ ಆಯ್ದುಕೊಂಡದ್ದು ಪ್ರವಾದಿ ಯೆರೆಮೀಯನ ಮಾತುಗಳನ್ನು: ಸೆರೆಹೋದ ಜನರನ್ನು ಅವರ ನೆಲಕ್ಕೆ ಮರಳಿ ಕರೆತರುತ್ತೇನೆ ಎಂದು ದೇವರು ಕೊಟ್ಟ ಭಾಷೆ. ಕೂಗಳತೆಯ ಸಿನಗಾಗಿನಲ್ಲಿ, ಜೆರುಸಲೇಮಿನ ಕಡೆ ಮುಖಮಾಡಿ ಯಹೂದಿಗಳು ಓದುತ್ತಿದ್ದುದೂ ಅದೇ ಪ್ರವಾದಿಯನ್ನು.

ವ್ಯತ್ಯಾಸವಿಷ್ಟೇ. ಸಿನಗಾಗಿನವರಿಗೆ ಅಧ್ಯಕ್ಷನಿಂದ ಕಾಗದ ಬಂದಿತ್ತು, ಯಾರೂ ನಿಮ್ಮನ್ನು ಹೆದರಿಸುವುದಿಲ್ಲ, ನೆಮ್ಮದಿಯಾಗಿ ಇಲ್ಲೇ ಇರಿ ಎಂದು. ಗಾರ್ಡ್ನರ್‌ಗೆ ಅಂಥ ಕಾಗದ ಬರಲಿಲ್ಲ. 1826ರ ಜನವರಿಯಲ್ಲಿ, ಎಂಬತ್ತರ ಹತ್ತಿರದ ವಯಸ್ಸಿನಲ್ಲಿ, ಬಾಸ್ಟನ್ನಿನಿಂದ ಲೈಬೀರಿಯಕ್ಕೆ ಹೊರಟ ಹಡಗು ಹತ್ತಿದ. ನಮ್ಮವರು ಇಲ್ಲಿ ಎಂದಿಗೂ ಮೇಲೇಳಲಾರರು, ಅರವತ್ತು ವರ್ಷ ಪ್ರಯತ್ನಪಟ್ಟು ನೋಡಿದ್ದೇನೆ, ಫಲವಿಲ್ಲ ಎಂದು ಹೊರಡುವ ಮುನ್ನ ಅವನು ಹೇಳಿದ್ದಾಗಿ ದಾಖಲೆಯಿದೆ. ಆಫ್ರಿಕ ಮುಟ್ಟಿದ ಅದೇ ವರ್ಷ ತೀರಿಕೊಂಡ. ವಾಷಿಂಗ್ಟನ್ನನ ಕಾಗದಕ್ಕೂ ಗಾರ್ಡ್ನರ್‌ನ ಮಾತಿಗೂ ನಡುವೆ ಮೂವತ್ತೈದು ವರ್ಷದ ಅಂತರವಿದೆ. ಇಬ್ಬರೂ ಮಾತಾಡಿದ್ದು ಒಂದೇ ಊರಿನ ಬಗ್ಗೆ, ಮತ್ತು ಗಾರ್ಡ್ನರ್ ಅಲ್ಲಿ ಅರವತ್ತು ವರ್ಷ ಬದುಕಿದ್ದವನು. ವಾಷಿಂಗ್ಟನ್ ಆ ಸಲ ಬಂದದ್ದು, ಈಗಿನ ಹಡಗಿನವರ ಹಾಗೆಯೇ, ಒಂದು ರಾತ್ರಿ-ಹಗಲಿನ ಮಟ್ಟಿಗೆ.